ಎಮ್ಯುಲೇಟರ್ ಬೇರೆ, ಫ್ರಂಟ್‌ಎಂಡ್ ಬೇರೆ

ಮಾನ್ಯ ಸಂಪಾದಕರೇ,

ಹಳೆಯ ಗೇಮ್ ಕನ್ಸೋಲ್‌ಗಳ ಕುರಿತ ಬರಹಗಳಲ್ಲಿ ಡಾಲ್ಫಿನ್, ರೆಟ್ರೊಆರ್ಚ್, ಎಮ್ಯುಲೇಷನ್‌ಸ್ಟೇಷನ್ ಎಲ್ಲವನ್ನೂ ‘ಎಮ್ಯುಲೇಟರ್’ ಎಂದೇ ಬರೆದುಬಿಡುತ್ತಾರೆ. ಹೊಸಬರು ಎಡವುವುದು ಇಲ್ಲೇ. ಎಮ್ಯುಲೇಟರ್ ಎಂದರೆ ಕನ್ಸೋಲಿನ ಕೆಲಸವನ್ನು ಕಂಪ್ಯೂಟರಿನಲ್ಲಿ ಅನುಕರಿಸಿ ಅದರ ಆಟ ಓಡಿಸುವ ತಂತ್ರಾಂಶ; ಫ್ರಂಟ್‌ಎಂಡ್ ಎಂದರೆ ಅದನ್ನು ಬಳಸಲು ನಮ್ಮೆದುರಿಗಿರುವ ಮುಖ.

ಡಾಲ್ಫಿನ್ ಗೇಮ್‌ಕ್ಯೂಬ್ ಮತ್ತು ವೀಗೆ, ಪಿಸಿಎಸ್‌ಎಕ್ಸ್2 ಪ್ಲೇಸ್ಟೇಷನ್ 2ಕ್ಕೆ ಮೀಸಲಾದ ಸ್ವತಂತ್ರ ಎಮ್ಯುಲೇಟರ್‌ಗಳು. ರೆಟ್ರೊಆರ್ಚ್ ತಾನಾಗಿ ಯಾವ ಕನ್ಸೋಲನ್ನೂ ಅನುಕರಿಸದು. ಆ ಕೆಲಸ ‘ಕೋರ್’ಗಳದ್ದು, ಅಂದರೆ ಅದಕ್ಕೆ ಜೋಡಿಸಲೆಂದು ರೂಪಿಸಿದ ಎಮ್ಯುಲೇಟರ್‌ಗಳದ್ದು. ಅವನ್ನು ತನ್ನೊಳಗೆ ಲೋಡ್ ಮಾಡಿಕೊಂಡು ಚಿತ್ರ, ಧ್ವನಿ, ಕಂಟ್ರೋಲರ್ ನೋಡಿಕೊಳ್ಳುವುದಷ್ಟೇ ಅದರ ಪಾಲು. ಎಮ್ಯುಲೇಷನ್‌ಸ್ಟೇಷನ್ ಅಷ್ಟನ್ನೂ ಮಾಡದು: ಆಟಗಳ ಪಟ್ಟಿ ತೋರಿಸಿ, ಆರಿಸಿದ್ದನ್ನು ಬೇರೊಂದು ತಂತ್ರಾಂಶಕ್ಕೆ ಒಪ್ಪಿಸುತ್ತದೆ. ಎಮ್ಯುಲೇಷನ್‌ಸ್ಟೇಷನ್ ಮೂಲಕ ಆಟ ತೆರೆಯದಿದ್ದರೆ ನೇರವಾಗಿ ಎಮ್ಯುಲೇಟರ್‌ನಲ್ಲೇ ತೆರೆದು ನೋಡಿ. ಅಲ್ಲಿ ಓಡಿದರೆ, ಎಡವಟ್ಟು ಇರುವುದು ಎಮ್ಯುಲೇಟರ್ ತೆರೆಯುವ ಕಮಾಂಡ್‌ನಲ್ಲೋ, ಫೈಲ್ ಇರುವ ಜಾಗ ಹೇಳುವ ಪಾತ್‌ನಲ್ಲೋ.

ಕಾರ್ಟ್ರಿಡ್ಜ್ ಕಾಲದ ಕನ್ಸೋಲ್‌ಗಳಿಗೆ ರೆಟ್ರೊಆರ್ಚ್ ಚೆನ್ನ. ಕಂಟ್ರೋಲರ್ ಒಮ್ಮೆ ಹೊಂದಿಸಿದರೆ ಎಲ್ಲ ಕೋರ್‌ಗಳಿಗೂ ಸಾಕು. ಬಟನ್ ಒತ್ತಿದ್ದಕ್ಕೆ ಆಟ ತಡವಾಗಿ ಸ್ಪಂದಿಸುತ್ತಿದ್ದರೆ ಆ ತಡದ ಫ್ರೇಮ್‌ಗಳನ್ನು (ತೆರೆಯ ಮೇಲಿನ ಒಂದೊಂದು ಚಿತ್ರ) ಮುಂಚಿತವಾಗಿ ಓಡಿಸಿ ಕಳೆಯುವ ‘ರನ್-ಅಹೆಡ್’ ಇದೆ. ಎಷ್ಟು ಫ್ರೇಮ್ ಕೊಡಬೇಕೆಂದು ಅಂದಾಜಿನಲ್ಲಿ ಹೇಳುವವರೇ ಹೆಚ್ಚು, ಎಣಿಸಿಯೇ ತಿಳಿಯಬಹುದು. ಪಿ ಒತ್ತಿ ಆಟ ನಿಲ್ಲಿಸಿ, ಜಿಗಿಯುವ ಬಟನ್ ಹಿಡಿದುಕೊಂಡೇ, ಆಟವನ್ನು ಒಂದು ಫ್ರೇಮ್ ಮುಂದೊಯ್ಯುವ ಕೆ ಕೀಲಿಯನ್ನು ಒಂದೊಂದೇ ಸಲ ಒತ್ತಿ. ಪಾತ್ರ ಅಲುಗಿದ್ದು ಮೂರನೆಯ ಒತ್ತಿಗೆ ಎಂದಾದರೆ ಒಂದು ಕಳೆದು 2 ಕೊಡಿ. ಅದಕ್ಕಿಂತ ಹೆಚ್ಚಿಟ್ಟರೆ ಚಲನೆಯ ಫ್ರೇಮ್‌ಗಳೇ ಮಾಯವಾಗಿ ಆಟ ಜಿಗಿದಂತೆ ಕಾಣುತ್ತದೆ, ಪ್ರೊಸೆಸರ್‌ಗೂ ಭಾರ.

ಎಲ್ಲಕ್ಕೂ ಒಂದೇ ಸೆಟ್ಟಿಂಗ್ ಎಂಬುದೇ ತಲೆನೋವೂ ಹೌದು. ಒಂದು ಕನ್ಸೋಲ್‌ಗೆಂದು ಚಿತ್ರದ ಅಳತೆ ಬದಲಿಸಿದರೆ ಉಳಿದವೂ ಬದಲಾಗುತ್ತವೆ. ಕ್ವಿಕ್ ಮೆನುವಿನ ಓವರ್‌ರೈಡ್ಸ್‌ಗೆ ಹೋಗಿ ಆ ಕೋರ್‌ಗೆ ಮಾತ್ರ ಉಳಿಸಬೇಕು.

ಪ್ಲೇಸ್ಟೇಷನ್ 2, ವೀ ಮಟ್ಟಕ್ಕೆ ಬಂದರೆ ಸ್ವತಂತ್ರ ಎಮ್ಯುಲೇಟರೇ ಮೇಲು. ಆಟಕ್ಕೊಂದು ಸೆಟ್ಟಿಂಗ್, ವೀ ರಿಮೋಟ್‌ನಂಥ ಸಲಕರಣೆಗಳ ಜೋಡಣೆ ಅಲ್ಲಿ ಸಲೀಸು. ಕೋರ್ ರೂಪಗಳು ಮೂಲಕ್ಕಿಂತ ಹಿಂದುಳಿಯುವುದೂ ಉಂಟು.

ಕನ್ಸೋಲ್ ಶುರುವಾಗಲು ಬೇಕಾದ ಮೂಲ ತಂತ್ರಾಂಶದ ಪ್ರತಿ, ಅಂದರೆ ಬಯಾಸ್ ಫೈಲ್, ಇನ್ನೊಂದು ಗೋಳು. ಮೊದಲ ಪ್ಲೇಸ್ಟೇಷನ್‌ನ ಸ್ವತಂತ್ರ ಎಮ್ಯುಲೇಟರ್ ಡಕ್‌ಸ್ಟೇಷನ್ ತನ್ನ ಫೋಲ್ಡರಿನ ಬಯಾಸನ್ನು ಹೆಸರು ಏನಿದ್ದರೂ ಗುರುತಿಸುತ್ತದೆ. ಅದೇ ಕನ್ಸೋಲ್‌ನ ಬೀಟಲ್ ಪಿಎಸ್‌ಎಕ್ಸ್ ಕೋರ್‌ಗೆ ನಿಗದಿತ ಹೆಸರೇ ಬೇಕು, ಫೈಲ್ ರೆಟ್ರೊಆರ್ಚ್‌ನ ‘ಸಿಸ್ಟಂ’ ಫೋಲ್ಡರಿನಲ್ಲೇ ಇರಬೇಕು. ಲಿನಕ್ಸ್‌ನಲ್ಲಿ ದೊಡ್ಡಕ್ಷರ, ಸಣ್ಣಕ್ಷರ ತಪ್ಪಿದರೂ ಸಿಗುವುದಿಲ್ಲ.

ಒಂದು ಎಮ್ಯುಲೇಟರ್‌ನಿಂದ ಇನ್ನೊಂದಕ್ಕೆ ಹೋಗುವವರು ಆ ಕ್ಷಣದ ಸ್ಥಿತಿಯನ್ನೇ ಎಮ್ಯುಲೇಟರ್ ಹಿಡಿದಿಡುವ ಸೇವ್ ಸ್ಟೇಟ್ ನೆಚ್ಚಬಾರದು; ಆಟದೊಳಗೇ ಸೇವ್ ಮಾಡಿ ಆ ಫೈಲನ್ನು ಒಯ್ಯಬೇಕು. ಪ್ಲೇಸ್ಟೇಷನ್ ಮೆಮೊರಿ ಕಾರ್ಡ್ 1,31,072 ಬೈಟ್‌ಗಳದ್ದು. ಆಟದ ಸೇವ್ ಇರುವ ಬೀಟಲ್‌ನ ಎಸ್‌ಆರ್‌ಎಂ (.srm) ಫೈಲ್ ಅಷ್ಟೇ ಇದ್ದರೆ ಹೆಸರಿನ ಕೊನೆಯ ಮೂರಕ್ಷರವನ್ನು ಎಂಸಿಡಿ (.mcd) ಎಂದು ಬದಲಿಸಿ ಡಕ್‌ಸ್ಟೇಷನ್‌ನ ಮೆಮೊರಿ ಕಾರ್ಡ್ ಫೋಲ್ಡರಿಗೆ ಹಾಕಿ. ಮೂಲ ಫೈಲಿನ ಪ್ರತಿಯೊಂದನ್ನು ಬೇರೆಡೆ ಇಟ್ಟುಕೊಂಡಿರಿ.

— ಓದುಗ