ಬಾರನು, ಬರುವನು: ನಮ್ಮ ಓದುಗರಿಗೆ ಒಂದು ಪತ್ರ

ಪ್ರಿಯ ಓದುಗರೇ,

ನಮ್ಮ ಮರುಮುದ್ರಣ ಮಾಲೆಯ ಈಚಿನ ಕಾದಂಬರಿ ನಿಮ್ಮಲ್ಲಿದ್ದರೆ ದಯವಿಟ್ಟು 143ನೆಯ ಪುಟ ತೆರೆಯಿರಿ. ‘ಅವನು ಇನ್ನು ಈ ಮನೆಗೆ ಬರುವನು’ ಎಂಬ ಸಾಲಿದೆ. ಮರುಸಾಲಿನಲ್ಲೇ ತಾಯಿ ದೀಪ ಆರಿಸಿ, ಕದಕ್ಕೆ ಅಗಳಿ ಹಾಕಿ ಮಲಗುತ್ತಾಳೆ. ಮಗ ಬರುತ್ತಾನೆಂದು ತಿಳಿದ ಯಾವ ತಾಯಿ ಅಗಳಿ ಹಾಕುತ್ತಾಳೆ? ಮೂಲದಲ್ಲಿದ್ದದ್ದು ‘ಬಾರನು’, ಅಂದರೆ ಬರುವುದಿಲ್ಲ. ಅದನ್ನು ತಲೆಕೆಳಗು ಮಾಡಿದವರು ನಾವು.

ಮುದ್ರಾರಾಕ್ಷಸನ ತಲೆಗೆ ಕಟ್ಟಿ ಕೈತೊಳೆದುಕೊಳ್ಳಬಹುದಿತ್ತು. ಆದರೆ ಇದು ಕಣ್ತಪ್ಪಲ್ಲ, ಬೇಕೆಂದೇ ಮಾಡಿದ ಕೆಲಸದ ಫಲ. ಇಂದಿನವರಿಗೆ ಓದು ಸಲೀಸಾಗಲಿ ಎಂದು ಹಳೆಯ ಕ್ರಿಯಾಪದಗಳಿಗೆ ಹೊಸ ರೂಪಗಳ ಪಟ್ಟಿಯೊಂದನ್ನು ಸಿದ್ಧಪಡಿಸಿ, ಕಂಪ್ಯೂಟರಿನಲ್ಲಿ ಒಟ್ಟಿಗೇ ಬದಲಾಯಿಸುತ್ತಿದ್ದೆವು. ಹಳೆಯ ಗದ್ಯದಲ್ಲಿ ‘ಮಾಡನು’ ಎಂದರೆ ಮಾಡುವುದಿಲ್ಲ, ‘ಅರಿಯೆನು’ ಎಂದರೆ ನನಗೆ ತಿಳಿಯದು. ‘ಇಲ್ಲ’ ಎಂಬ ಮಾತೇ ಕಾಣಿಸದ ಈ ನಿಷೇಧರೂಪ ಈಗಿನ ಕಣ್ಣಿಗೆ ಅಕ್ಷರ ಬಿಟ್ಟುಹೋದ ಪದದಂತೆ ತೋರುತ್ತದೆ. ಪಟ್ಟಿ ಮಾಡಿದವರಿಗೂ ಹಾಗೆಯೇ ತೋರಿತು. ‘ಮಾಡನು’ ಎಂಬುದು ‘ಮಾಡುವನು’ ಆಯಿತು, ‘ಕೊಡಲಾಗದು’ ಎಂಬುದು ‘ಕೊಡಲಾಗುವುದು’ ಆಯಿತು. ಕರಡು ತಿದ್ದಿದವರು ಮೂಲವನ್ನು ಪಕ್ಕದಲ್ಲಿಟ್ಟುಕೊಂಡಿರಲಿಲ್ಲ. ಮೂಲಪ್ರತಿಯ ಕಾಗದ ಆಮ್ಲ ತುಂಬಿ ಕಂದಾಗಿದ್ದು, ಮುಟ್ಟಿದರೆ ಅಂಚು ಉದುರುತ್ತದೆ. ಅದನ್ನು ಕಪಾಟಿನಲ್ಲಿ ಜೋಪಾನ ಮಾಡಿದ್ದೇ ನಮಗೆ ಮುಳುವಾಯಿತು. ಇಂಥ 23 ಜಾಗಗಳು ಈವರೆಗೆ ಸಿಕ್ಕಿವೆ.

ಅಚ್ಚಿನ ಚರಿತ್ರೆಯಲ್ಲಿ ನಮಗೊಬ್ಬ ಹಿರಿಯಣ್ಣ ಇದ್ದಾನೆ. 1631ರಲ್ಲಿ ಲಂಡನ್ನಿನ ರಾಜಮುದ್ರಕರಾದ ರಾಬರ್ಟ್ ಬಾರ್ಕರ್ ಮತ್ತು ಮಾರ್ಟಿನ್ ಲ್ಯೂಕಸ್ ಅಚ್ಚು ಹಾಕಿದ ಬೈಬಲ್ಲಿನಲ್ಲಿ ಒಂದೇ ಒಂದು ನಿಷೇಧದ ಪದ ಬಿಟ್ಟುಹೋಗಿ, ‘ವ್ಯಭಿಚಾರ ಮಾಡಬೇಡ’ ಎಂಬ ಆಜ್ಞೆ ‘ಮಾಡು’ ಎಂದಾಗಿತ್ತು. ಅವರಿಗೆ 300 ಪೌಂಡ್ ದಂಡ ಬಿತ್ತು. ಅವರದು ಒಂದು ಜಾಗ, ನಮ್ಮದು ಇಪ್ಪತ್ತಮೂರು.

ತಪ್ಪಿಗಿಂತಲೂ ನಮಗೆ ನಾಚಿಕೆಯಾಗಿರುವುದು ತಪ್ಪು ಗೊತ್ತಾದ ಮೇಲೆ ನಡೆದುಕೊಂಡ ರೀತಿಗೆ. 143ನೆಯ ಪುಟದ ಬಗ್ಗೆ ಓದುಗರೊಬ್ಬರು ಪತ್ರ ಬರೆದರು. ಪುಸ್ತಕ ತೆರೆದೂ ನೋಡದೆ ‘ಮೂಲದಲ್ಲೇ ಹಾಗಿದೆ’ ಎಂದು ಕಚೇರಿಯಿಂದ ಉತ್ತರ ಹೋಯಿತು. ಮರುದಿನ ಫೋನಿನಲ್ಲಿ ಕೇಳಿದವರಿಗೆ ಇನ್ನೊಬ್ಬ ಸದಸ್ಯರು ಅಚ್ಚುಮನೆಯವರ ಕಡೆ ಬೆರಳು ತೋರಿಸಿದರು. ಮೂರನೆಯವರು ಸಭೆ ಆಗಲಿ, ಆಮೇಲೆ ನೋಡೋಣ ಎಂದರು. ಸಭೆ ಸೇರಲು ಹನ್ನೊಂದು ದಿನ ಹಿಡಿಯಿತು. ಅಷ್ಟೂ ದಿನ ಪುಸ್ತಕ ಮಾರಾಟವಾಗುತ್ತಲೇ ಇತ್ತು. 1982ರಲ್ಲಿ ಯಾರೋ ವಿಷ ಬೆರೆಸಿದ್ದ ಟೈಲೆನಾಲ್ ಎಂಬ ನೋವಿನ ಗುಳಿಗೆಯಿಂದ ಶಿಕಾಗೋ ಸುತ್ತಮುತ್ತ ಏಳು ಜನ ಸತ್ತಾಗ, ತಯಾರಕರು ಅಮೆರಿಕದಾದ್ಯಂತ ಸುಮಾರು 3.1 ಕೋಟಿ ಶೀಶೆಗಳನ್ನು ಹಿಂದಕ್ಕೆ ಪಡೆದರಂತೆ, ವಿಷ ಬೆರೆಸಿದ್ದು ತಾವಲ್ಲದಿದ್ದರೂ. ಸಭೆಯಲ್ಲಿ ಇದನ್ನು ನೆನಪಿಸಿದವರು ನಮ್ಮ ಲೆಕ್ಕಪತ್ರ ನೋಡುವ ಸದಸ್ಯರು. ಕೆಲವು ನೂರು ಪ್ರತಿಗಳನ್ನು ನಿಲ್ಲಿಸಲು ನಮಗೆ ಕೈ ಬಂದಿರಲಿಲ್ಲ. ತಪ್ಪಿದ ಸಾಲುಗಳ ಮೇಲೆ ಚೀಟಿ ಅಂಟಿಸಿ ಮುಗಿಸೋಣ ಎಂಬ ಸಲಹೆಯೂ ಬಂದಿತ್ತು. ಅದನ್ನು ಕೈಬಿಟ್ಟೆವು.

ಈಗ ಮಾರಾಟ ನಿಂತಿದೆ. ಮೂಲದೊಂದಿಗೆ ಸಾಲುಸಾಲಾಗಿ ತಾಳೆ ನೋಡಿದ ಹೊಸ ಮುದ್ರಣ ಬರುವವರೆಗೆ ಬೇರೆ ಯಾವ ಪುಸ್ತಕಕ್ಕೂ ಕೈ ಹಾಕುವುದಿಲ್ಲ. ಆದ್ದರಿಂದ ಈ ವರ್ಷ ಚಂದಾದಾರರಿಗೆ ಒಪ್ಪಿಕೊಂಡಿದ್ದ ಆರು ಪುಸ್ತಕಗಳಲ್ಲಿ ಮೂರು ಮಾತ್ರ ಬರುತ್ತವೆ. ಉಳಿದ ಮೂರರ ಹಣ ವಾಪಸು ಬೇಕೋ, ಮುಂದಿನ ವರ್ಷಕ್ಕೆ ಜಮೆಯಾಗಬೇಕೋ ನೀವೇ ತಿಳಿಸಿ. ಇನ್ನು ಮುಂದೆ ಲೇಖಕರ ವಾಕ್ಯವನ್ನು ನಾವು ಮುಟ್ಟುವುದಿಲ್ಲ. ಲೇಖಕರು ತೀರಿಕೊಂಡ ಮರುವರ್ಷದಿಂದ 60 ವರ್ಷ ಕಳೆದರೆ ನಮ್ಮಲ್ಲಿ ಪುಸ್ತಕದ ಹಕ್ಕು ಎಲ್ಲರದೂ ಆಗುತ್ತದೆ ನಿಜ. ಕೇಳುವವರಿಲ್ಲ ಎಂಬ ಧೈರ್ಯದಲ್ಲೇ ನಮ್ಮ ಕೈ ಉದ್ದವಾಗಿತ್ತು ಎಂದು ಈಗ ಅನಿಸುತ್ತದೆ. ಕಷ್ಟದ ಪದಕ್ಕೆ ಆಯಾ ಪುಟದ ಕೆಳಗೇ ಅರ್ಥ ಇರುತ್ತದೆ. ಮೂಲದಲ್ಲೇ ಇರುವ ಅಚ್ಚಿನ ತಪ್ಪನ್ನು ತಿದ್ದಿದರೆ, ತಿದ್ದಿದ್ದೇನು ಎಂದು ಕೊನೆಯ ಒಪ್ಪೋಲೆಯಲ್ಲಿ, ಅಂದರೆ ತಿದ್ದುಪಡಿಗಳ ಪಟ್ಟಿಯಲ್ಲಿ, ಹೇಳುತ್ತೇವೆ. ಓದು ಮೊದಲಿಗಿಂತ ತುಸು ನಿಧಾನವಾದೀತು. ಅದಕ್ಕೆ ನಮ್ಮಲ್ಲಿ ಮದ್ದಿಲ್ಲ.

ದೂರುಗಳಿಗೆ ಇನ್ನು ಒಬ್ಬರೇ ಉತ್ತರಿಸುತ್ತಾರೆ, ಮೂಲಪ್ರತಿಯ ಆ ಪುಟದ ಚಿತ್ರವನ್ನು ಜೊತೆಗಿಟ್ಟೇ ಉತ್ತರಿಸುತ್ತಾರೆ. ಮೊದಲ ಪತ್ರ ಬರೆದ ಓದುಗರ ಕ್ಷಮೆಯನ್ನು ಬೇರೆಯಾಗಿ ಕೇಳಿದ್ದೇವೆ.

ಹೊಸ ಪ್ರತಿ ಅಚ್ಚಾದ ಕೂಡಲೇ ಕೊಂಡವರೆಲ್ಲರಿಗೂ ನಮ್ಮ ಖರ್ಚಿನಲ್ಲೇ ತಲುಪುತ್ತದೆ. ಹಳೆಯದನ್ನು ಹಿಂದಿರುಗಿಸಬೇಕಾಗಿಲ್ಲ. ಆದರೆ ಅದನ್ನು ಗ್ರಂಥಾಲಯಕ್ಕೆ ಮಾತ್ರ ಕೊಡಬೇಡಿ. ಮುಂದೆ ಯಾರಾದರೂ ಅದನ್ನೇ ಮೂಲವೆಂದು ನಂಬಿ ಮತ್ತೆ ಅಚ್ಚು ಹಾಕಿಯಾರು.

ಇಂತು ತಮ್ಮ ವಿಶ್ವಾಸಿ,
ಕಾರ್ಯದರ್ಶಿ
(ಪ್ರಕಟಣಾ ಸಮಿತಿಯ ಪರವಾಗಿ)