ಹಳೆಯ ವಿಸಿಆರ್ ಕೊಳ್ಳುವವರು ಕಂಪನಿಯ ಹೆಸರಿಗಿಂತ ಮೊದಲು ರಬ್ಬರ್ ನೋಡಲಿ

ಮಾನ್ಯ ಸಂಪಾದಕರೆ,

ಮದುವೆ, ಉಪನಯನ, ಗೃಹಪ್ರವೇಶದ ವಿಡಿಯೊ ಕ್ಯಾಸೆಟ್‌ಗಳನ್ನು ಕಂಪ್ಯೂಟರಿಗೆ ಇಳಿಸಿಕೊಳ್ಳಲು ಈಗ ಹಲವರು ಹಳೆಯ ವಿಸಿಆರ್ ಹುಡುಕುತ್ತಿದ್ದಾರೆ. ಹೊಸ ಯಂತ್ರ ಸಿಗುವ ಕಾಲ ಮುಗಿಯಿತು. ಕೊನೆಯವರೆಗೂ ತಯಾರಿಸುತ್ತಿದ್ದ ಜಪಾನಿನ ಫುನಾಯ್ ಕಂಪನಿ ಕೂಡ 2016ರ ಜುಲೈನಲ್ಲಿ ಕೈಬಿಟ್ಟಿತು. ಹೀಗಾಗಿ ಉಳಿದಿರುವುದು ಅಟ್ಟದಿಂದ ಇಳಿದ ಸೆಕೆಂಡ್‌ಹ್ಯಾಂಡ್ ಮಾಲು ಮಾತ್ರ. ಕೊಳ್ಳುವವರೆಲ್ಲ ಮೊದಲು ಕೇಳುವುದು, ‘ಯಾವ ಕಂಪನಿಯದು ಗಟ್ಟಿ?’ ಎಂದು. ನ್ಯಾಷನಲ್, ಅಕಾಯ್, ಸೋನಿ, ಜೆವಿಸಿ ಎಂದು ಪ್ರತಿಯೊಬ್ಬರೂ ತಮ್ಮ ಮನೆಯಲ್ಲಿದ್ದುದನ್ನೇ ಹೊಗಳುತ್ತಾರೆ. ಯಂತ್ರಗಳು ಹೊಸದಾಗಿದ್ದಾಗ ಆ ಹೊಗಳಿಕೆಗೆ ಅರ್ಥವಿತ್ತು. ಮೂವತ್ತು ವರ್ಷ ಕಳೆದ ಮೇಲೆ ಯಾವುದೇ ಕಂಪನಿಯ ವಿಸಿಆರ್‌ನ ಹಣೆಬರಹ ನಿರ್ಧಾರವಾಗುವುದು ಅದರ ರಬ್ಬರ್, ವಿದ್ಯುತ್ ಹಿಡಿದಿಡುವ ಕಂಡೆನ್ಸರ್, ಗ್ರೀಸ್ ಮತ್ತು ಟೇಪನ್ನು ಓದುವ ಹೆಡ್ ಹೇಗಿವೆ ಎಂಬುದರ ಮೇಲೆ. ಇವುಗಳಲ್ಲಿ ಮೂರು ಯಂತ್ರ ಓಡಲಿ ಬಿಡಲಿ, ಸುಮ್ಮನೆ ಕೂತಲ್ಲೇ ಹಾಳಾಗುತ್ತವೆ. ‘ಬಳಸಿಯೇ ಇಲ್ಲ, ಪೆಟ್ಟಿಗೆಯಲ್ಲೇ ಇತ್ತು’ ಎಂಬ ಮಾತಿಗೆ ಹೆಚ್ಚು ದುಡ್ಡು ತೆರುವವರು ಇದನ್ನು ನೆನಪಿಡಬೇಕು.

ನಮ್ಮ ಮನೆಗಳ ಮಾಮೂಲಿ ವಿಡಿಯೊ ಕ್ಯಾಸೆಟ್ ವಿಎಚ್‌ಎಸ್ ಮಾದರಿಯದು, ಅದರ ಟೇಪಿನ ಅಗಲ 12.7 ಮಿ.ಮೀ. ನಮ್ಮ ಟಿ.ವಿ.ಗಳ ಪಾಲ್ ಎಂಬ ಪದ್ಧತಿಯಲ್ಲಿ ಅದು ಸೆಕೆಂಡಿಗೆ 23.39 ಮಿ.ಮೀ. ವೇಗದಲ್ಲಿ ಸರಿಯುತ್ತದೆ, ಆಡಿಯೊ ಕ್ಯಾಸೆಟ್‌ನ ವೇಗದ ಅರ್ಧಕ್ಕಿಂತ ಕಡಿಮೆ. ಮಾಮೂಲಿ ವಿಸಿಆರ್‌ಗಳ ಧ್ವನಿ ಮಂದವಾಗಿರುವುದು, ಟೇಪನ್ನು ಒತ್ತಿಹಿಡಿಯುವ ಪಿಂಚ್ ರೋಲರ್ ಎಂಬ ರಬ್ಬರ್ ಉರುಳೆ ಸ್ವಲ್ಪ ಸವೆದರೂ ನಾದಸ್ವರ ಅಲುಗಿದಂತೆ ಕೇಳುವುದು ಇದರಿಂದಲೇ. ಚಿತ್ರದ ಕೆಲಸ ಬೇರೆ: 62 ಮಿ.ಮೀ. ವ್ಯಾಸದ ಡ್ರಮ್ ನಿಮಿಷಕ್ಕೆ 1500 ಸುತ್ತು ಸುತ್ತುತ್ತದೆ, ಅದರ ಅಂಚಿನ ಹೆಡ್‌ಗಳು ಟೇಪಿನ ಮೇಲೆ ಓರೆಯಾಗಿ 49 ಮೈಕ್ರಾನ್ ಅಗಲದ ಗೆರೆಗಳನ್ನು ಓದುತ್ತವೆ. ತಲೆಗೂದಲಿಗಿಂತ ಸಣ್ಣ ಆ ಗೆರೆಯ ಮೇಲೆ ಹೆಡ್ ಸರಿಯಾಗಿ ಓಡಬೇಕಾದರೆ ಟೇಪನ್ನು ಎಳೆಯುವ, ಬಿಗಿಹಿಡಿಯುವ, ಸುತ್ತಿಕೊಳ್ಳುವ ಭಾಗಗಳೆಲ್ಲ ಒಂದೇ ಹದದಲ್ಲಿರಬೇಕು. ಹದ ತಪ್ಪುವುದು ಹೆಚ್ಚಾಗಿ ರಬ್ಬರಿನಲ್ಲಿ.

‘ವಿಸಿಆರ್ ಕ್ಯಾಸೆಟ್ ತಿಂದುಹಾಕಿತು’ ಎಂಬ ದೂರನ್ನೇ ತೆಗೆದುಕೊಳ್ಳಿ. ಕ್ಯಾಪ್‌ಸ್ಟನ್ ಎಂಬ ಉಕ್ಕಿನ ಕಡ್ಡಿ ಮತ್ತು ಅದಕ್ಕೆ ಒತ್ತಿಕೊಂಡ ಪಿಂಚ್ ರೋಲರ್ ಸೇರಿ ಟೇಪನ್ನು ಎಳೆಯುತ್ತವೆ. ಹಾಗೆ ಬಂದ ಟೇಪನ್ನು ಬಲಗಡೆಯ ರೀಲು ತಕ್ಷಣ ಸುತ್ತಿಕೊಳ್ಳಬೇಕು. ಆ ರೀಲನ್ನು ತಿರುಗಿಸುವುದು ಐಡ್ಲರ್ ಎಂಬ ಪುಟ್ಟ ಚಕ್ರ. ಅದರ ಸುತ್ತ ಒಂದು ರಬ್ಬರ್ ಟಯರು. ಟಯರು ಗಟ್ಟಿಯಾಗಿ ಗಾಜಿನಂತೆ ನುಣುಪಾದರೆ ಜಾರತೊಡಗುತ್ತದೆ. ಕ್ಯಾಪ್‌ಸ್ಟನ್ ಟೇಪು ತಳ್ಳುತ್ತಲೇ ಇರುತ್ತದೆ, ಸುತ್ತಿಕೊಳ್ಳುವವರಿಲ್ಲ. ರೀಲು ತಿರುಗುತ್ತಿಲ್ಲವೆಂದು ಸೆನ್ಸರ್ ತಿಳಿಸಿ ಯಂತ್ರ ಕೆಲವು ಸೆಕೆಂಡಿನಲ್ಲಿ ನಿಂತುಬಿಡುತ್ತದೆ, ಆದರೆ ಅಷ್ಟರಲ್ಲಿ ಟೇಪಿನ ಸುರುಳಿ ಹೊರಗೆ ಬಿದ್ದಿರುತ್ತದೆ. ಎಜೆಕ್ಟ್ ಒತ್ತಿದಾಗ ಕ್ಯಾಸೆಟ್‌ನ ಮುಚ್ಚಳ ಅದರ ಮೇಲೆಯೇ ಕೂತು ಟೇಪು ಸುಕ್ಕಾಗುತ್ತದೆ, ಇಲ್ಲವೇ ಕತ್ತರಿಸುತ್ತದೆ. ಪ್ಲೇ ಒತ್ತಿ ಮೂರ್ನಾಲ್ಕು ಸೆಕೆಂಡಿಗೆ ಯಂತ್ರ ತಾನೇ ನಿಂತರೆ ಮತ್ತೆ ಪ್ಲೇ ಒತ್ತಬೇಡಿ, ಎಜೆಕ್ಟನ್ನೂ ಒತ್ತಬೇಡಿ. ಪ್ಲಗ್ ಕಿತ್ತು, ಮೇಲಿನ ಮುಚ್ಚಳ ಬಿಚ್ಚಿ, ಟೇಪನ್ನು ಒಳಗೆಳೆದು ಡ್ರಮ್ಮಿಗೆ ಸುತ್ತುವ ಲೋಡಿಂಗ್ ಮೋಟರಿನ ಪುಲಿಯನ್ನು ಬೆರಳಿನಿಂದ ನಿಧಾನವಾಗಿ ತಿರುಗಿಸಿ. ಡ್ರಮ್ಮಿನ ಇಕ್ಕೆಲದ ಗೈಡ್ ಕಂಬಗಳು ಹಿಂದಕ್ಕೆ ಸರಿಯಬೇಕು. ಮುಂದಕ್ಕೆ ಹೋದರೆ ತಿರುವಿನ ದಿಕ್ಕು ಬದಲಿಸಿ. ಸಡಿಲಾದ ಟೇಪನ್ನು ರೀಲು ತಿರುಗಿಸಿ ಒಳಗೆ ಸುತ್ತಿದ ಮೇಲೆಯೇ ಕ್ಯಾಸೆಟ್ ಮೇಲೆತ್ತಿಸಿ. ಹತ್ತು ನಿಮಿಷದ ಕೆಲಸ, ತಾಳ್ಮೆ ಬೇಕು ಅಷ್ಟೆ.

ಜಾರುವ ಟಯರನ್ನು ನಯವಾದ ಉಪ್ಪುಕಾಗದದಿಂದ ಉಜ್ಜಿದರೆ ಕೆಲವು ವಾರ ನಡೆಯುತ್ತದೆ. ಅದು ಹಂಗಾಮಿ ಉಪಾಯ. ಟಯರು ಬದಲಿಸುವುದೇ ಸರಿ. ಬೆಲ್ಟಿನದೂ ಇದೇ ಕಥೆ. ಕ್ಯಾಸೆಟ್ ಒಳಗೆಳೆದುಕೊಂಡು ಅರ್ಧಕ್ಕೆ ನಿಂತು ಹೊರಗೆ ದೂಡಿದರೆ ಮೊದಲ ಅನುಮಾನ ಲೋಡಿಂಗ್ ಬೆಲ್ಟಿನ ಮೇಲೆ. ಅದೇ ಅಳತೆಯದು ಸಿಗದಿದ್ದರೆ, ಹಳೆಯ ಬೆಲ್ಟಿನ ಒಳಸುತ್ತಳತೆಯನ್ನು ದಾರದಿಂದ ಅಳೆದು ಅದಕ್ಕಿಂತ ಶೇ 5ರಷ್ಟು ಚಿಕ್ಕದನ್ನು ತನ್ನಿ, ಹಳೆಯದು ಹಿಗ್ಗಿರುತ್ತದೆ. ಬೆಂಗಳೂರಿನ ಎಸ್.ಪಿ. ರಸ್ತೆಯ ಬಿಡಿಭಾಗದ ಅಂಗಡಿಗಳಲ್ಲಿ ಹುಡುಕುವಾಗ ಹಳೆಯ ಬೆಲ್ಟನ್ನೇ ಕೈಯಲ್ಲಿ ಹಿಡಿದು ಹೋಗುವುದು ಲೇಸು. ಕೆಲವು ಯಂತ್ರಗಳಲ್ಲಿ ಬೆಲ್ಟು ಕರಗಿ ಡಾಂಬರಿನಂತೆ ಪುಲಿಗೆ ಅಂಟಿರುತ್ತದೆ. ಅದನ್ನು ಪೂರ್ತಿ ಒರೆಸದೆ ಹೊಸ ಬೆಲ್ಟು ಹಾಕಿದರೆ ಅದೂ ಜಾರುತ್ತದೆ. ಇನ್ನು ಹೊಲಿಗೆ ಯಂತ್ರದ ಎಣ್ಣೆ. ಅದನ್ನು ಕಂಡಕಂಡಲ್ಲಿ ಬಿಡುವ ನಮ್ಮ ಅಭ್ಯಾಸ ಎಷ್ಟು ಐಡ್ಲರ್‌ಗಳ ಜೀವ ತೆಗೆದಿದೆಯೋ! ರಬ್ಬರಿಗೆ ಎಣ್ಣೆ ತಾಗಲೇಬಾರದು. ಒಣಗಿ ಮೇಣವಾದ ಹಳೆಯ ಗ್ರೀಸನ್ನು ಮಾತ್ರ ಒರೆಸಿ ತೆಗೆದು, ಪ್ಲಾಸ್ಟಿಕ್ಕಿಗೆ ಒಗ್ಗುವ ಗ್ರೀಸನ್ನು ಹಲ್ಲುಚಕ್ರಗಳಿಗೆ ತೆಳುವಾಗಿ ಸವರಬೇಕು.

ವಿದ್ಯುತ್ ಸರಬರಾಜಿನ ಭಾಗದ ದೋಷಕ್ಕೆ ಒಂದು ವಿಚಿತ್ರ ಲಕ್ಷಣವಿದೆ. ವರ್ಷಗಟ್ಟಲೆ ಪ್ಲಗ್‌ನಲ್ಲೇ ಇದ್ದ ಯಂತ್ರ ಸರಿಯಾಗಿ ಓಡುತ್ತಿರುತ್ತದೆ. ಒಂದು ದಿನ ಕರೆಂಟು ಹೋಗಿ ಬಂದ ಮೇಲೆ ಗಡಿಯಾರವೂ ಉರಿಯುವುದಿಲ್ಲ. ಜನ ‘ವೋಲ್ಟೇಜ್ ಹೆಚ್ಚಾಗಿ ಸುಟ್ಟಿತು’ ಅನ್ನುತ್ತಾರೆ. ಬಹಳ ಸಲ ಸುಟ್ಟಿರುವುದೇನೂ ಇಲ್ಲ. ಯಂತ್ರವನ್ನು ಮೊದಲಿಗೆ ಚಾಲೂ ಮಾಡುವ ಸಣ್ಣ ಎಲೆಕ್ಟ್ರೊಲಿಟಿಕ್ ಕಂಡೆನ್ಸರ್ ಬಿಸಿ ಹೊರಹಾಕುವ ಲೋಹದ ತಟ್ಟೆಯ (ಹೀಟ್‌ಸಿಂಕ್) ಪಕ್ಕದಲ್ಲಿ ಕೂತು ಬಿಸಿಗೆ ಒಣಗಿರುತ್ತದೆ. ಓಡುತ್ತಿರುವ ಯಂತ್ರ ಓಡುತ್ತದೆ, ನಿಂತದ್ದು ಮತ್ತೆ ಏಳುವುದಿಲ್ಲ. ಇಂಥ ಕಂಡೆನ್ಸರ್ ಕೆಲವೇ ರೂಪಾಯಿಯ ವಸ್ತು. ಬದಲಿಸುವಾಗ 105 ಡಿಗ್ರಿ ಎಂದು ಮುದ್ರಿಸಿರುವುದನ್ನೇ ಹಾಕಿಸಿ, 85ರದ್ದು ಬೇಡ. ಇದೇ ಭಾಗದಲ್ಲಿ, ಯಂತ್ರದ ಉಳಿದ ಭಾಗಗಳಿಗೆ ಕರೆಂಟು ಕೊಡುವ ಕಡೆಯ ಕಂಡೆನ್ಸರ್‌ಗಳು ಒಣಗಿದರೆ ಚಿತ್ರದ ಮೇಲೆ ಜಾಲರಿಯಂಥ ಗೆರೆ ಹರಿದಾಡುತ್ತದೆ, ಡಿಸ್‌ಪ್ಲೇ ಮಂಕಾಗುತ್ತದೆ. ಆದರೆ ಈ ಬೋರ್ಡಿನಲ್ಲಿ ಪ್ಲಗ್ ತೆಗೆದ ಮೇಲೂ 300 ವೋಲ್ಟಿಗೆ ಮೇಲ್ಪಟ್ಟ ಚಾರ್ಜ್ ಉಳಿದಿರಬಹುದು. ಹವ್ಯಾಸಿಗಳು ಇಲ್ಲಿ ಕೈಹಾಕದೆ ಮೆಕ್ಯಾನಿಕ್‌ಗೆ ಬಿಡುವುದು ಒಳ್ಳೆಯದು.

ಧ್ವನಿ ಸರಿಯಿದ್ದು ಚಿತ್ರದಲ್ಲಿ ಬರೀ ಹಿಮದ ಚುಕ್ಕೆ ಕಂಡರೆ ವಿಡಿಯೊ ಹೆಡ್ಡಿಗೆ ಕೊಳೆ ಕಟ್ಟಿದೆ ಎಂದರ್ಥ. ಧ್ವನಿ ಓದುವ ಹೆಡ್ ಬೇರೆಯೇ ಇರುವುದರಿಂದ ಅದು ನಡೆಯುತ್ತಲೇ ಇರುತ್ತದೆ. ಈ ಹೆಡ್ ಶುಚಿ ಮಾಡುವಾಗ ಆಗುವಷ್ಟು ಅನಾಹುತ ಬೇರೆಲ್ಲೂ ಆಗುವುದಿಲ್ಲ. ಹತ್ತಿ ಸುತ್ತಿದ ಕಡ್ಡಿ ಬಳಸಬಾರದು, ಅದರ ಎಳೆ ಹೆಡ್ಡಿನ ತುದಿಗೆ ಸಿಕ್ಕಿಕೊಂಡು ತುದಿಯನ್ನೇ ಮುರಿಯುತ್ತದೆ. ಜಿಂಕೆಚರ್ಮದ ಕಡ್ಡಿ ಸಿಕ್ಕರೆ ಉತ್ತಮ, ಇಲ್ಲದಿದ್ದರೆ ಬಿಳಿ ಝೆರಾಕ್ಸ್ ಹಾಳೆಯ ತುಂಡು ಸಾಕು. ಅದನ್ನು ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ಅದ್ದಿ ಡ್ರಮ್ಮಿನ ಬದಿಗೆ ಮೆಲ್ಲಗೆ ಒತ್ತಿ ಅಲುಗಾಡದಂತೆ ಹಿಡಿಯಿರಿ, ಇನ್ನೊಂದು ಕೈಯಿಂದ ಡ್ರಮ್ಮಿನ ತಲೆಯನ್ನು ಹತ್ತು ಹದಿನೈದು ಸುತ್ತು ತಿರುಗಿಸಿ. ಕಾಗದವನ್ನು ಮೇಲೆ ಕೆಳಗೆ ಉಜ್ಜಿದರೆ ಹೆಡ್ ಹೋಯಿತೆಂದೇ ತಿಳಿಯಿರಿ. ಕಾಗದಕ್ಕೆ ಕಪ್ಪು ಹತ್ತುವುದು ನಿಲ್ಲುವವರೆಗೆ ಹೊಸ ತುಂಡಿನಿಂದ ಮಾಡಿ, ಕನಿಷ್ಠ ಹದಿನೈದು ನಿಮಿಷ ಒಣಗಲು ಬಿಡಿ. ಒದ್ದೆ ಡ್ರಮ್ಮಿಗೆ ಟೇಪು ಅಂಟಿಕೊಳ್ಳುತ್ತದೆ. ಔಷಧಿ ಅಂಗಡಿಯ ಸರ್ಜಿಕಲ್ ಸ್ಪಿರಿಟ್‌ನಲ್ಲಿ ಎಣ್ಣೆಯಂಶವಿರಬಹುದಾದ್ದರಿಂದ ಅದು ಬೇಡ. ಒಣ ಕ್ಲೀನಿಂಗ್ ಕ್ಯಾಸೆಟ್‌ಗಳು ಹೆಡ್ಡನ್ನು ಉಜ್ಜಿ ಸವೆಸುತ್ತವೆ. ತೀರಾ ಅನಿವಾರ್ಯವಾದರೆ ಮಾತ್ರ, ಅದೂ ಕೆಲವೇ ಸೆಕೆಂಡು. ಶುಚಿ ಮಾಡಿದರೂ ಹಿಮ ಹೋಗದಿದ್ದರೆ, ಕಪ್ಪು ಬಿಳುಪು ಸೇರುವ ಅಂಚುಗಳಲ್ಲಿ ಎಳೆಗಳು ಕಾಣುತ್ತಿದ್ದರೆ ಹೆಡ್ ಸವೆದಿದೆ. ಹೊಸ ಹೆಡ್ ಹುಡುಕುವುದಕ್ಕಿಂತ ಬೇರೆ ಯಂತ್ರ ನೋಡುವುದು ಅಗ್ಗ. ಅಂದಹಾಗೆ, ಓಡುವಾಗ ಡ್ರಮ್ಮಿನಿಂದ ಕೀರಲು ದನಿ ಬಂದರೆ ಬೇರಿಂಗ್ ಹೋಯಿತೆಂದು ಹೆದರಬೇಡಿ. ಹಲವು ಯಂತ್ರಗಳಲ್ಲಿ ಡ್ರಮ್ಮಿನ ದಂಡಕ್ಕೆ ತಾಗಿರುವ ಅರ್ಥಿಂಗ್ ಪಟ್ಟಿ ಹಾಗೆ ಕೂಗುತ್ತದೆ.

ಗುಂಡಿ ಒತ್ತಿದರೆ ಒಂದು ಸಲ ಓಡುವುದು, ಇನ್ನೊಂದು ಸಲ ತಾನೇ ಆಫ್ ಆಗುವುದು, ಕ್ಯಾಸೆಟ್ ಹಾಕಿದರೆ ಹೊರಗೆ ಎಸೆಯುವುದು ಮೋಡ್ ಸ್ವಿಚ್ಚಿನ ಚೇಷ್ಟೆ. ಅದರ ಸಂಪರ್ಕಗಳು ಕಪ್ಪಾದಾಗ ಯಂತ್ರಕ್ಕೆ ತನ್ನ ಗೇರುಗಳು ಯಾವ ಸ್ಥಿತಿಯಲ್ಲಿವೆ ಎಂದೇ ತಿಳಿಯದು. ಬಿಚ್ಚುವ ಮೊದಲು ಗೇರು ಮತ್ತು ಸ್ವಿಚ್ಚಿನ ಗುರುತುಗಳನ್ನು ಮೊಬೈಲಿನಲ್ಲಿ ಫೋಟೊ ತೆಗೆದಿಡಿ. ಒಂದು ಹಲ್ಲು ತಪ್ಪಿ ಕೂತರೂ ಯಂತ್ರ ಗೇರು ಮುರಿದುಕೊಳ್ಳಬಹುದು. ಮುಚ್ಚಳ ತೆಗೆದಿಟ್ಟು ಬಿಸಿಲಲ್ಲೋ ಪ್ರಖರ ದೀಪದಡಿಯೋ ಪರೀಕ್ಷಿಸಿದರೂ ಯಂತ್ರ ಹುಚ್ಚಾಟ ಆಡುತ್ತದೆ. ಟೇಪಿನ ಎರಡೂ ತುದಿಗಳು ಪಾರದರ್ಶಕವಾಗಿದ್ದು, ಅದರ ಮೂಲಕ ಹಾಯುವ ಬೆಳಕನ್ನು ಕಂಡು ಯಂತ್ರ ‘ಟೇಪು ಮುಗಿಯಿತು’ ಎಂದು ತಿಳಿಯುವ ಏರ್ಪಾಡು ಅದರಲ್ಲಿದೆ. ಹೊರಗಿನ ಬೆಳಕು ಆ ಸೆನ್ಸರಿಗೆ ಬಿದ್ದರೆ ಒಳ್ಳೆಯ ಯಂತ್ರವೂ ಕೆಟ್ಟಂತೆ ಕಾಣುತ್ತದೆ.

ಕರಾವಳಿ, ಮಲೆನಾಡಿನವರಿಗೆ ತೇವ ದೊಡ್ಡ ಶತ್ರು. ಮಳೆಗಾಲದಲ್ಲಿ ಡಿಸ್‌ಪ್ಲೇಯಲ್ಲಿ ‘ಡ್ಯೂ’ ಎಂದು ತೋರಿಸಿ ಯಂತ್ರ ಓಡದಿದ್ದರೆ ಅದು ದೋಷವಲ್ಲ, ಡ್ರಮ್ಮಿನ ಮೇಲೆ ತೇವ ಕೂತಿದೆ ಎಂಬ ಎಚ್ಚರಿಕೆ. ಪವರ್ ಆನ್ ಮಾಡಿ ಒಂದೆರಡು ಗಂಟೆ ಬಿಟ್ಟರೆ ಯಂತ್ರದ ಬಿಸಿಗೇ ಆರುತ್ತದೆ. ಕ್ಯಾಸೆಟ್‌ನ ಕಿಟಕಿಯಿಂದ ನೋಡಿದಾಗ ಟೇಪಿನ ಸುತ್ತಿನ ಮೇಲೆ ಬಿಳಿ ಪುಡಿ ಕಂಡರೆ ಅದು ಬೂಷ್ಟು. ಅಂಥದ್ದನ್ನು ಯಂತ್ರಕ್ಕೆ ಹಾಕಲೇಬೇಡಿ. ಹೆಡ್ ಕಟ್ಟುವುದಷ್ಟೇ ಅಲ್ಲ, ಬೂಷ್ಟು ಮುಂದಿನ ಕ್ಯಾಸೆಟ್‌ಗಳಿಗೂ ಹರಡುತ್ತದೆ. ಆ ಕ್ಯಾಸೆಟ್ಟನ್ನು ಬೇರೆ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಟ್ಟು, ಶುಚಿ ಮಾಡುವ ಸಲಕರಣೆ ಇರುವವರಿಗೇ ಕೊಡಬೇಕು.

‘ಹಳೆಯದೇ ಗಟ್ಟಿ’ ಎಂಬ ಮಾತಿನ ಬಗ್ಗೆ. 1982ರ ಏಷ್ಯನ್ ಗೇಮ್ಸ್ ಹೊತ್ತಿಗೆ ಬಣ್ಣದ ಟಿ.ವಿ. ಬಂದ ಬೆನ್ನಿಗೇ ಗಲ್ಫ್‌ನಿಂದ ಬಂದವರ ಸಾಮಾನಿನ ಜೊತೆ ನಮ್ಮ ಮನೆಗಳಿಗೆ ಇಳಿದ ಭಾರದ ಯಂತ್ರಗಳಲ್ಲಿ ಎರಕದ ಅಲ್ಯುಮಿನಿಯಂ ಚೌಕಟ್ಟು (ಚಾಸಿ) ಇರುತ್ತಿತ್ತು. ಚಾಸಿ ಬಾಗದು, ಹಾಗಾಗಿ ಟೇಪಿನ ಹಾದಿಯೂ ಕೆಡದು; ಈ ಹೊಗಳಿಕೆ ನಿಜ. ಆದರೆ ಅವುಗಳಲ್ಲಿ ಬೆಲ್ಟು, ಐಡ್ಲರುಗಳು ಜಾಸ್ತಿ, ಕೆಡುವ ಜಾಗಗಳೂ ಜಾಸ್ತಿ. 1990ರ ದಶಕದ ನಡುವಿನ ಹಗುರ ಯಂತ್ರಗಳಲ್ಲಿ ರಬ್ಬರ್ ಭಾಗಗಳು ಕಡಿಮೆ, ಹೆಚ್ಚಿನ ಕೆಲಸ ಹಲ್ಲುಚಕ್ರಗಳದ್ದು. ಕ್ಯಾಸೆಟ್ ಇಳಿಸಿಕೊಳ್ಳುವುದಷ್ಟೇ ಉದ್ದೇಶವಾದರೆ, ಕಡಿಮೆ ಓಡಿದ ನಾಲ್ಕು ಹೆಡ್ಡಿನ ಆ ಕಾಲದ ಯಂತ್ರವೇ ನಮ್ಮ ಆಯ್ಕೆ. ರೆಕಾರ್ಡ್ ಮಾಡದೆ ಬರೀ ಓಡಿಸುವ ಯಂತ್ರ, ಅಂದರೆ ವಿಸಿಪಿ, ಅಗ್ಗವಾಗಿ ಸಿಗುತ್ತದೆ ನಿಜ, ಆದರೆ ಅವುಗಳಲ್ಲಿ ಬಹುಪಾಲು ಟಿ.ವಿ. ಜೊತೆ ರಾತ್ರಿ ಬಾಡಿಗೆಗೆ ಊರೂರು ಅಲೆದವು. ಅಮೆರಿಕದ ನೆಂಟರು ಕಳಿಸಿದ ಕ್ಯಾಸೆಟ್‌ಗಳಿದ್ದರೆ ಅಲ್ಲಿನ ಟಿ.ವಿ. ಪದ್ಧತಿಯಾದ ಎನ್‌ಟಿಎಸ್‌ಸಿ ಓಡಿಸುವ ಯಂತ್ರ ಬೇಕು. ‘ಪಾಲ್ ಟಿ.ವಿ.ಯಲ್ಲಿ ಎನ್‌ಟಿಎಸ್‌ಸಿ’ ಎಂಬ ಸೌಲಭ್ಯವಿರುವ ಯಂತ್ರದ ಚಿತ್ರ ಟಿ.ವಿ.ಯಲ್ಲಿ ಸರಿ ಬಂದರೂ ಕಂಪ್ಯೂಟರಿಗೆ ಇಳಿಸುವ ಕೆಲವು ಕ್ಯಾಪ್ಚರ್ ಸಾಧನಗಳಲ್ಲಿ ಕಪ್ಪು ಬಿಳುಪಾಗಿ ಬೀಳುತ್ತದೆ. ಜಪಾನಿನ ಒಳಮಾರುಕಟ್ಟೆಯ ಯಂತ್ರ 100 ವೋಲ್ಟಿನದು, ನೇರ ಪ್ಲಗ್ಗಿಗೆ ಹಾಕಿದರೆ ಅಲ್ಲಿಗೆ ಮುಗಿಯಿತು.

ಕೊಳ್ಳಲು ಹೋಗುವಾಗ ಕಳೆದುಕೊಂಡರೂ ಬೇಸರವಾಗದ ಒಂದು ಸಿನಿಮಾ ಕ್ಯಾಸೆಟ್, ಒಂದು ಖಾಲಿ ಕ್ಯಾಸೆಟ್ ಒಯ್ಯಿರಿ. ಟೇಪಿನ ಆರಂಭ, ನಡು, ಕೊನೆ ಮೂರೂ ಕಡೆ ಐದೈದು ನಿಮಿಷ ಓಡಿಸಿ. ರೀಲಿನ ಭಾರ ಬದಲಾದಂತೆ ಬೇರೆ ಬೇರೆ ದೋಷ ಕಾಣುತ್ತದೆ. ತುದಿಯಿಂದ ತುದಿಗೆ ರಿವೈಂಡ್ ಮಾಡಿಸಿ. ಮೂರು ಗಂಟೆಯ ಕ್ಯಾಸೆಟ್‌ಗೆ ಹಳೆಯ ಯಂತ್ರಗಳು ನಾಲ್ಕೈದು ನಿಮಿಷ ತೆಗೆದುಕೊಳ್ಳುವುದು ಸಹಜ, ಕೊನೆಗೆ ತೆವಳತೊಡಗಿದರೆ ಐಡ್ಲರ್ ಜಾರುತ್ತಿದೆ. ಹೊರತೆಗೆದ ಕ್ಯಾಸೆಟ್‌ನ ಮುಚ್ಚಳ ಎತ್ತಿ ಟೇಪಿನ ಅಂಚು ನೋಡಿ. ಅಂಚು ಅಲೆಯಲೆಯಾಗಿ ಸುಕ್ಕಾಗಿದ್ದರೆ ಪಿಂಚ್ ರೋಲರ್ ಅಥವಾ ಗೈಡ್ ಕಂಬ ಸರಿಯಿಲ್ಲ. ಖಾಲಿ ಕ್ಯಾಸೆಟ್‌ನಲ್ಲಿ ರೆಕಾರ್ಡ್ ಮಾಡಿ ಅಲ್ಲೇ ನೋಡಿ. ತಾನು ಮಾಡಿದ್ದು ಚೆನ್ನಾಗಿ ಬಂದು ಸಿನಿಮಾ ಕ್ಯಾಸೆಟ್‌ನಲ್ಲಿ ಮಾತ್ರ ಅಡ್ಡಪಟ್ಟಿ ಬಿದ್ದು, ಚಿತ್ರ ಸರಿಹೊಂದಿಸುವ ಟ್ರ್ಯಾಕಿಂಗ್ ಗುಂಡಿ ತಿರುಗಿಸಿದರೂ ಹೋಗದಿದ್ದರೆ ಆ ಯಂತ್ರದ ಗೈಡ್‌ಗಳನ್ನು ಯಾರೋ ತಿರುಗಿಸಿದ್ದಾರೆ. ಅದನ್ನು ಕೊಳ್ಳಬೇಡಿ. ಹೊಸ ಎಲ್‌ಇಡಿ ಟಿ.ವಿ. ಆಗಾಗ ನೀಲಿ ಪರದೆ ತೋರಿಸಿದರೆ ಯಂತ್ರವನ್ನು ದೂರಬೇಡಿ. ಟೇಪಿನ ಸಿಗ್ನಲ್ ಸ್ವಲ್ಪ ಅಲುಗಿದರೂ ಈ ಟಿ.ವಿ.ಗಳು ಚಿತ್ರವನ್ನೇ ಮುಚ್ಚಿಬಿಡುತ್ತವೆ, ಹಳೆಯ ಪಿಕ್ಚರ್ ಟ್ಯೂಬಿನ ಟಿ.ವಿ. ಅದನ್ನು ತಡೆದುಕೊಳ್ಳುತ್ತಿತ್ತು. ಸಾಧ್ಯವಾದರೆ ಅಂಥ ಟಿ.ವಿ.ಯಲ್ಲೇ ಪರೀಕ್ಷಿಸಿ.

‘ಪರೀಕ್ಷಿಸಿಲ್ಲ, ಇದ್ದಂತೆ ಮಾರಾಟ’ ಎನ್ನುವವರಿಗೆ ಗುಜರಿ ಬೆಲೆಗಿಂತ ಹೆಚ್ಚು ಕೊಡುವ ಅಗತ್ಯವಿಲ್ಲ. ಯಂತ್ರ ಮನೆಗೆ ಬಂದ ಮೇಲೆ, ಮದುವೆಯ ಕ್ಯಾಸೆಟ್ ಹಾಕುವ ಮೊದಲು ಅದರ ಬೆನ್ನಿನ ಅಂಚಿನಲ್ಲಿರುವ ಪ್ಲಾಸ್ಟಿಕ್ ಚೂರನ್ನು ಮುರಿಯಿರಿ. ಅದಿಲ್ಲದ ಕ್ಯಾಸೆಟ್ ಮೇಲೆ ಕೈತಪ್ಪಿ ರೆಕಾರ್ಡ್ ಗುಂಡಿ ಒತ್ತಿದರೂ ಯಂತ್ರ ಅಳಿಸುವುದಿಲ್ಲ.

ಇಂತಿ,
ವಿಡಿಯೊ ಯಂತ್ರಗಳ ದುರಸ್ತಿ ಬಲ್ಲ ಓದುಗರು,
ಬೆಂಗಳೂರು