ನಡುಗಿದ್ದು ನನ್ನ ಕೈಯಲ್ಲ, ನಿಮ್ಮ ಕ್ಲ್ಯಾಂಪ್‌ನ ದವಡೆ

ಗೆ,
ಗ್ರಾಹಕ ಸೇವಾ ವಿಭಾಗದ ಮುಖ್ಯಸ್ಥರಿಗೆ

ವಿಷಯ: ಪುಟ್ಟ ಮಾದರಿಗಳಿಗೆ ಬಣ್ಣ ಹಚ್ಚುವಾಗ ಹಿಡಿದುಕೊಳ್ಳುವ ಕೈ ಕ್ಲ್ಯಾಂಪ್‌ನಲ್ಲಿರುವ ದೋಷ, ಮತ್ತು ನಿಮ್ಮ ಸಿಬ್ಬಂದಿ ನನ್ನನ್ನು ನಡೆಸಿಕೊಂಡ ರೀತಿ.

ಮಾನ್ಯರೇ,

ನಿಮಗೆ ನಾಲ್ಕು ಸಲ ಫೋನ್ ಮಾಡಿದೆ, ಎರಡು ಮೇಲ್ ಕಳಿಸಿದೆ. ಪ್ರತಿ ಸಲವೂ ‘ದಯವಿಟ್ಟು’ ಅಂತಲೇ ಮಾತು ಶುರು ಮಾಡಿದ್ದೆ. ಇನ್ನು ಆ ಪದ ನನ್ನಿಂದ ಬರುವುದಿಲ್ಲ. ನಿನ್ನೆಯ ಮೇಲ್‌ನಲ್ಲಿ ನನ್ನ ದೂರನ್ನು ಮುಚ್ಚಿದ್ದೀರಿ. ಯಾಕೆ ಮುಚ್ಚಿದಿರಿ ಅಂತ ಒಂದು ಸಾಲು ಬರೆದಿದ್ದೀರಲ್ಲ, ಅದನ್ನು ಓದಿದ ಮೇಲೆ ರಾತ್ರಿ ನಿದ್ದೆ ಬರಲಿಲ್ಲ. ಆ ಸಾಲಿಗೆ ಆಮೇಲೆ ಬರುತ್ತೇನೆ. ಮೊದಲು ಸಾಮಾನಿನ ವಿಷಯ.

ನಾನು 28ರಿಂದ 32 ಮಿಲಿಮೀಟರ್ ಎತ್ತರದ ಸೈನಿಕರ ಮಾದರಿಗಳಿಗೆ ಬಣ್ಣ ಹಚ್ಚುತ್ತೇನೆ. ಜಾಸ್ತಿ ಲೋಹದವು. ಇಂಥ ಮಾದರಿಯನ್ನು ಬರಿಗೈಯಲ್ಲಿ ಹಿಡಿಯಬಾರದು ಅಂತ ನಿಮಗೆ ನಾನು ಹೇಳಬೇಕಾಗಿಲ್ಲ. ಬೆರಳಿನ ಜಿಡ್ಡು ತಾಗಿದರೆ ಬಣ್ಣಕ್ಕೂ ಮೊದಲು ಬಳಿಯುವ ತಳಪದರ, ಅಂದರೆ ಪ್ರೈಮರ್, ಸರಿಯಾಗಿ ಅಂಟುವುದಿಲ್ಲ. ವಾರ್ನಿಶ್ ಹಾಕುವ ಮೊದಲೇ ಮತ್ತೆ ಮತ್ತೆ ಮುಟ್ಟಿದರೆ ಅಕ್ರಿಲಿಕ್ ಬಣ್ಣ ಸವೆಯುತ್ತದೆ. ಅದೂ ಎಲ್ಲಿ? ಮೂಗಿನ ತುದಿ, ಮೊಣಕಾಲು, ಕತ್ತಿಯ ಅಂಚು, ಹೀಗೆ ಎದ್ದು ಕಾಣುವ ಜಾಗದಲ್ಲೇ. ಅದಕ್ಕೇ ಮಾದರಿಯ ಕಾಲಡಿಯ ಬಿಲ್ಲೆಯನ್ನು, ಅಂದರೆ ಬೇಸ್ ಅನ್ನು, ಕಚ್ಚಿ ಹಿಡಿಯುವ ಹಿಡಿ ಬೇಕಾಗುವುದು.

ವರ್ಷಗಟ್ಟಲೆ ನಾನು ಬಾಟಲಿಯ ಕಾರ್ಕಿಗೆ ಪಿನ್ ಚುಚ್ಚಿಯೇ ಕೆಲಸ ಮಾಡಿದ್ದೇನೆ. ಖಾಲಿಯಾದ ಮಾತ್ರೆ ಡಬ್ಬಿಯ ಮುಚ್ಚಳದ ಮೇಲೆ ಅಂಟು ಮೇಣ ಒತ್ತಿ, ಅದರ ಮೇಲೆ ಮಾದರಿ ಕೂರಿಸಿಯೂ ಮಾಡಿದ್ದೇನೆ. ಅವೇನೂ ಕೆಟ್ಟ ಉಪಾಯಗಳಲ್ಲ. ಒಂದು ಮಾದರಿಯೂ ಅವುಗಳಿಂದ ಬಿದ್ದಿಲ್ಲ. ಆದರೆ ಈಗ ಎರಡು ವರ್ಷದಿಂದ ಹೆಬ್ಬೆರಳಿನ ಗಂಟು ನೋಯುತ್ತಿದೆ. ಸಣ್ಣ ಕಾರ್ಕನ್ನು ಒಂದು ಗಂಟೆ ಚಿವುಟಿ ಹಿಡಿದರೆ ರಾತ್ರಿ ಲೋಟ ಎತ್ತುವುದೂ ಕಷ್ಟ. ದಪ್ಪ ಹಿಡಿಯಾದರೆ ಅಷ್ಟು ಬಿಗಿಯಾಗಿ ಹಿಡಿಯಬೇಕಾಗಿಲ್ಲ, ಅಂಗೈಯಲ್ಲಿ ಸುಮ್ನೆ ಕೂರುತ್ತದೆ. ನಿಮ್ಮ ಡಬ್ಬಿಯ ಮೇಲೂ ಅದನ್ನೇ ಬರೆದಿದ್ದೀರಿ: ‘ಕೈ ನೋವಿರುವವರಿಗೂ ಆರಾಮ.’ ನಾನು ಕೊಂಡಿದ್ದೇ ಆ ಸಾಲು ನೋಡಿ. ಈ ಸಾಲನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಮೊದಲ ಮೂರು ವಾರ ಕ್ಲ್ಯಾಂಪ್ ಚೆನ್ನಾಗಿಯೇ ಇತ್ತು. ಆಮೇಲೆ ಜಾರುವ ದವಡೆ ಅಲ್ಲಾಡಲು ಶುರುವಾಯಿತು. ಎರಡು ದವಡೆಗಳಲ್ಲಿ ಒಂದು ಕದಲುವುದಿಲ್ಲ, ಇನ್ನೊಂದನ್ನು ಸ್ಪ್ರಿಂಗ್ ಎಳೆದು ಹಿಡಿಯುತ್ತದೆ. ಬೇಸ್‌ನ ಅಂಚು ಇಳಿಜಾರು, ಕೆಳಗೆ ಅಗಲ, ಮೇಲೆ ಕಿರಿದು. ದವಡೆಯ ತುಟಿ ಆ ಇಳಿಜಾರಿನ ಮೇಲೆ ಬಾಗಿ ಕೂತರೆ ತಾನೇ ಮಾದರಿ ನಿಲ್ಲುವುದು? ನಿಮ್ಮ ದವಡೆ ಓಡಾಡುವ ಸಂದು ಸವೆದು ಅಗಲವಾಗಿದೆ. ಸ್ಪ್ರಿಂಗ್ ಎಳೆದಾಗ ದವಡೆಯ ತಲೆ ಹಿಂದಕ್ಕೆ ವಾಲುತ್ತದೆ. ಆಗ ತುಟಿ ಮೇಲೆ ಕೂರುವುದಿಲ್ಲ, ಬೇಸ್‌ನ ಕೆಳಗಿನ ಅಂಚನ್ನಷ್ಟೇ ಒತ್ತಿ ಹಿಡಿಯುತ್ತದೆ. ಹೊಸದಿದ್ದಾಗ ತುಟಿಗೂ ಬೇಸ್‌ಗೂ ನಡುವೆ ಒಂದು ಹಾಳೆ ಕೂಡ ತೂರುತ್ತಿರಲಿಲ್ಲ. ಈಗ ಅದೇ ಹಾಳೆಯನ್ನು ನಾಲ್ಕು ಮಡಿಕೆ ಮಾಡಿದರೂ ಸಲೀಸಾಗಿ ಹೋಗುತ್ತದೆ. ಸ್ಪ್ರಿಂಗ್ ಚೆನ್ನಾಗಿಯೇ ಇದೆ. ತಪ್ಪಿರುವುದು ಸಂದಿನಲ್ಲಿ.

ಆ ಸಂದಿನಿಂದ ನಾನು ಕಳೆದುಕೊಂಡಿದ್ದು ಒಬ್ಬ ಬಾವುಟ ಹಿಡಿದ ಸೈನಿಕನನ್ನು. ಹನ್ನೊಂದು ಸಂಜೆಯ ಕೆಲಸ ಅದು. ನೀರಾದ ಬಣ್ಣ, ಪದರದ ಮೇಲೆ ಪದರ. ಬಾವುಟದ ಬಟ್ಟೆಯ ಮೇಲೆ ತೀರಾ ಸಣ್ಣ ಬ್ರಷ್ ಹಿಡಿದು, ಅಚ್ಚಿಲ್ಲದೆ ಒಂದು ಕುದುರೆ ಬರೆದಿದ್ದೆ. ಕುದುರೆಯ ಕಾಲು ನಾಲ್ಕನೇ ಸಲಕ್ಕೆ ಸರಿಬಂದಿತ್ತು. ಉಳಿದಿದ್ದು ಅಂಗಿಯ ಕೆಳಗಿನ ನೆರಳು ಮಾತ್ರ. ಅದಕ್ಕೆ ಮಾದರಿಯನ್ನು ತಲೆಕೆಳಗು ಮಾಡಲೇಬೇಕು. ಮಾಡಿದೆ. ಕ್ಲ್ಯಾಂಪ್ ನನ್ನ ಕೈಯಲ್ಲೇ ಉಳಿಯಿತು, ಸೈನಿಕ ನೆಲಕ್ಕೆ ಬಿದ್ದ. ಬಾವುಟದ ಕೋಲು ಮುಷ್ಟಿಯ ಹತ್ತಿರ ಮುರಿಯಿತು. ಮೂಗು, ಭುಜ ಎರಡೂ ಕಡೆ ಪ್ರೈಮರ್ ಸಮೇತ ಎದ್ದು ಬರಿ ಲೋಹ ಕಾಣಿಸಿತು. ಕುದುರೆಯ ಮುಖವೇ ಹೋಯಿತು.

ಮೊದಲ ಮೂರು ಫೋನ್‌ಗಳ ಬಗ್ಗೆ ಹೇಳುವಂಥದ್ದು ಏನಿಲ್ಲ. ದೂರು ದಾಖಲಾಗಿದೆ ಅಂದರು, ಫೋಟೊ ಕೇಳಿದರು, ಕಳಿಸಿದೆ. ಫೋಟೊ ಸಿಕ್ಕಿಲ್ಲ ಅಂದರು, ಮತ್ತೆ ಕಳಿಸಿದೆ. ನಾಲ್ಕನೆಯದು ವಿಡಿಯೊ ಕರೆ. ‘ಪರಿಶೀಲನೆ’ ಅಂತ ನೀವೇ ಸಮಯ ಕೊಟ್ಟು ಕರೆದಿರಿ.

ನಿಮ್ಮ ಸಿಬ್ಬಂದಿ ಕೇಳಿದ ಮೊದಲ ಪ್ರಶ್ನೆ ಇದು: “ಮೇಡಂ, ಮಕ್ಕಳ ಆಟದ ಸಾಮಾನಾ?” ಅಲ್ಲ, ನನ್ನದು ಅಂದೆ. “ಅಂದ್ರೆ, ನೀವೇ ಆಡ್ತೀರಾ?” ಬಣ್ಣ ಹಚ್ಚುತ್ತೇನೆ ಅಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಕ್ಲ್ಯಾಂಪ್ ತೋರಿಸಲು ಹೇಳಿದರು. ತೋರಿಸಿದೆ. ದವಡೆ ತೆರೆದು ಮುಚ್ಚಲು ಹೇಳಿದರು. ಹತ್ತು ಸಲ ಮಾಡಿಸಿದರು. ಆರನೇ ಸಲಕ್ಕೆ ಹೆಬ್ಬೆರಳು ನೋಯುತ್ತಿದೆ ಅಂತ ಹೇಳಿದೆ. “ಇನ್ನೊಂದು ನಾಲ್ಕು ಸಲ ಅಷ್ಟೇ ಮೇಡಂ” ಅಂದರು. ಮುಗಿಸಿದೆ. ದವಡೆ ವಾಲುವುದು ಕಾಣಿಸುತ್ತಾ ಅಂತ ಕೇಳಿದರೆ ಅದಕ್ಕೆ ಉತ್ತರ ಇಲ್ಲ. “ಕೈ ತೋರಿಸಿ” ಅಂದರು.

ಯಾಕೆ ಅಂತ ಕೇಳಿದೆ. “ಬೆವರುತ್ತಾ ಅಂತ ನೋಡ್ಬೇಕು.” ಅಂಗೈ ಕ್ಯಾಮೆರಾ ಮುಂದೆ ಹಿಡಿದೆ. “ಇನ್ನೂ ಹತ್ತಿರ.” ಹತ್ತಿರ ಹಿಡಿದೆ. “ಬೆರಳು ಅಗಲ ಮಾಡಿ.” ಮಾಡಿದೆ. “ಹಾಗೇ ಹಿಡ್ಕೊಳ್ಳಿ.” ಎಷ್ಟು ಹೊತ್ತು ಹಾಗೆ ಹಿಡಿದಿದ್ದೆನೋ, ತೋಳು ಸೋತಿತು. ಆಗ ಕೇಳಿದರು: “ನಿಮ್ಮ ಕೈ ನಡುಗುತ್ತಾ ಮೇಡಂ? ವಯಸ್ಸೆಷ್ಟು ನಿಮ್ಗೆ?” ನಾನು ಉತ್ತರ ಕೊಡುವ ಮೊದಲೇ ಪಕ್ಕದಲ್ಲಿದ್ದವರಿಗೆ, “ಕೈ ಪ್ರಾಬ್ಲಮ್ಮು, ಕ್ಲೋಸ್ ಮಾಡ್ತೀನಿ” ಅಂದರು. ಇಬ್ಬರೂ ನಕ್ಕರು. ಕರೆ ಇನ್ನೂ ಚಾಲೂ ಇತ್ತು. ನನ್ನ ಕೈ ಇನ್ನೂ ಕ್ಯಾಮೆರಾ ಮುಂದೆಯೇ ಇತ್ತು.

ಆ ಕೈಯನ್ನು ಕೆಳಗಿಳಿಸುವಾಗ ಆದ ನಾಚಿಕೆ ಈಗಲೂ ಹೋಗಿಲ್ಲ. ನಾನು ಯಾಕೆ ನಾಚಬೇಕಿತ್ತು ಅಂತ ಆಮೇಲೆ ಎಷ್ಟೋ ಸಲ ಕೇಳಿಕೊಂಡಿದ್ದೇನೆ. ಹೇಳಿದ್ದನ್ನೆಲ್ಲ ಮಾಡಿದೆ, ಅದೇ ತಪ್ಪಾಯಿತು ಅನ್ನಿಸುತ್ತದೆ.

ನಿನ್ನೆಯ ಮೇಲ್‌ನ ಆ ಸಾಲು ಇದು: ‘ದೂರು ಮುಕ್ತಾಯ. ಕಾರಣ: ಗ್ರಾಹಕರ ಕೈ ನಡುಕ. ಉತ್ಪನ್ನದಲ್ಲಿ ದೋಷವಿಲ್ಲ.’

ನನ್ನ ಕೈ ನಡುಗುವುದಿಲ್ಲ. ನಡುಗುವ ಕೈ ಅರ್ಧ ಮಿಲಿಮೀಟರಿನ ಕಣ್ಣಿಗೆ ಬಿಳಿ ಚುಕ್ಕೆ ಇಡುವುದಿಲ್ಲ. ಆದರೆ ಹೋಗಲಿ, ನಡುಗುತ್ತದೆ ಅಂತಲೇ ಇಟ್ಟುಕೊಳ್ಳಿ. ಕೈ ನೋವಿರುವವರಿಗೆ ಅಂತ ಡಬ್ಬಿಯ ಮೇಲೆ ಬರೆದು ಮಾರಿದವರು ನೀವು. ಕೊಂಡ ಮೇಲೆ ಕೈಯಲ್ಲೇ ತಪ್ಪು ಅಂತ ಬರೆದವರೂ ನೀವೇ. ಎರಡೂ ಹೇಗೆ ಸರಿಯಾಗುತ್ತದೆ? ಇಷ್ಟಕ್ಕೂ ದವಡೆ ಬೇಸನ್ನು ಸರಿಯಾಗಿ ಕಚ್ಚಿ ಹಿಡಿದಿದ್ದರೆ, ಕೈ ಎಷ್ಟೇ ನಡುಗಿದರೂ ಮಾದರಿ ಕೂಡ ಕೈಯ ಜೊತೆಗೇ ನಡುಗಬೇಕು. ಬೀಳಬಾರದು.

ನಿಮ್ಮ ಪುಸ್ತಿಕೆಯ ನಾಲ್ಕನೇ ಪುಟ ನೀವೇ ಬರೆದಿದ್ದಲ್ವಾ? 25ರಿಂದ 40 ಮಿಲಿಮೀಟರ್ ಬೇಸ್‌ಗಳಿಗೆ ಸೂಕ್ತ ಅಂತ ಅಲ್ಲಿದೆ. ನನ್ನದು 32. ಸ್ಪ್ರಿಂಗ್, ದವಡೆ ಎರಡಕ್ಕೂ 12 ತಿಂಗಳ ಖಾತರಿ ಅಂತ ಇದೆ. ನಾನು ಕೊಂಡು ಮೂರು ತಿಂಗಳೂ ಆಗಿಲ್ಲ. ‘ದವಡೆ ಸಡಿಲವಾದರೆ ಬದಲಿಸಿ ಕೊಡಲಾಗುವುದು’ ಅಂತಲೂ ಇದೆ. ಕೈ ತೋರಿಸಬೇಕು, ವಯಸ್ಸು ಹೇಳಬೇಕು ಅಂತ ಎಲ್ಲೂ ಇಲ್ಲ. ಮೂರು ಸಲ ಓದಿದೆ.

ಇವತ್ತು ಬೆಳಿಗ್ಗೆ ಕ್ಲ್ಯಾಂಪ್‌ನ ಹಿಡಿಯನ್ನು ಮೇಜಿನ ಅಂಚಿಗೆ ಬೋಲ್ಟು ಮಾಡಿರುವ, ಸಾಮಾನು ಬಿಗಿದು ಹಿಡಿಯುವ ಕಬ್ಬಿಣದ ವೈಸ್‌ಗೆ ಸಿಕ್ಕಿಸಿದೆ, ತಲೆಕೆಳಗಾಗಿ. ಯಾರ ಕೈಯೂ ತಾಗದಂತೆ. ಅದೇ ಮುರಿದ ಸೈನಿಕನನ್ನು ದವಡೆಗೆ ಕೂರಿಸಿ, ಕೆಳಗೆ ದಿಂಬು ಇಟ್ಟು, ಬ್ರಷ್‌ನ ಹಿಂಬದಿಯಿಂದ ಮೆಲ್ಲಗೆ ತಟ್ಟಿದೆ. ಹತ್ತು ಸಲದಲ್ಲಿ ಏಳು ಸಲ ಬಿದ್ದ. ಪಿನ್ ಚುಚ್ಚಿದ ಹಳೆಯ ಕಾರ್ಕನ್ನು ಅದೇ ವೈಸ್‌ಗೆ ಹಾಕಿ ಅವನನ್ನೇ ಕೂರಿಸಿ ತಟ್ಟಿದೆ. ಹತ್ತು ಸಲವೂ ನಿಂತ. ಎರಡನ್ನೂ ಒಂದೇ ವಿಡಿಯೊದಲ್ಲಿ, ನಡುವೆ ಎಲ್ಲೂ ಕತ್ತರಿಸದೆ ಚಿತ್ರೀಕರಿಸಿದ್ದೇನೆ. ನಿಮ್ಮ ಪರಿಶೀಲನೆಯ ಕರೆಯೂ ನನ್ನ ಫೋನಿನಲ್ಲಿ ದಾಖಲಾಗಿದೆ, ಆ ನಗುವಿನ ಸಮೇತ.

ಹೊಸ ಕ್ಲ್ಯಾಂಪ್ ನನಗೆ ಇನ್ನು ಬೇಡ. ಬದಲಿಸಿ ಕೊಡುವುದು ನಿಮ್ಮ ನಿಯಮ, ಅದರ ಬದಲು ಹಣ ವಾಪಸ್ ಕೊಡಿ. ನನಗೆ ಬೇಕಾಗಿರುವುದು ಬೇರೆ. ನಿಮ್ಮ ದಾಖಲೆಯಿಂದ ‘ಗ್ರಾಹಕರ ಕೈ ನಡುಕ’ ಅನ್ನುವ ಸಾಲನ್ನು ತೆಗೆಯಬೇಕು. ತೆಗೆದಿದ್ದೇವೆ ಅಂತ ನಿಮ್ಮ ಹೆಸರು, ಹುದ್ದೆ ಹಾಕಿ ಬರೆದು ಕಳಿಸಬೇಕು. ಆ ಇಬ್ಬರು ನನ್ನ ಜೊತೆ ಮಾತಾಡಿ ಕ್ಷಮೆ ಕೇಳಬೇಕು. ಈ ಸಲ ಕ್ಯಾಮೆರಾ ಮುಂದೆ ಅವರು ಇರಲಿ.

ಇದಕ್ಕೆ ಏಳು ದಿನ ಕೊಡುತ್ತೇನೆ. ಎಂಟನೇ ದಿನ ಎರಡು ವಿಡಿಯೊಗಳೂ, ನಾಲ್ಕನೇ ಪುಟದ ಪ್ರತಿಯೂ, ಈ ಪತ್ರವೂ ಗ್ರಾಹಕ ನ್ಯಾಯಾಲಯಕ್ಕೆ ಹೋಗುತ್ತವೆ. ನನಗೆ ಗೊತ್ತಿರುವ ಮಾದರಿ ಕಲಾವಿದರು ಕಡಿಮೆಯಿಲ್ಲ. ಬೆರಳಿನ ಗಂಟು ನೋಯುವವರೂ ಅವರಲ್ಲಿ ಬಹಳ ಜನ ಇದ್ದಾರೆ. ಅವರೆಲ್ಲರಿಗೂ ಡಬ್ಬಿಯ ಮೇಲಿನ ಆ ಸಾಲನ್ನೂ ನಿನ್ನೆಯ ಮೇಲ್‌ನ ಸಾಲನ್ನೂ ಅಕ್ಕಪಕ್ಕ ಇಟ್ಟು ತೋರಿಸುತ್ತೇನೆ.

ಪರೀಕ್ಷಿಸಬೇಕು, ಕ್ಲ್ಯಾಂಪ್ ವಾಪಸ್ ಕಳಿಸಿ ಅಂತ ಮತ್ತೆ ಬರೆಯಬೇಡಿ. ಕಳಿಸುವುದಿಲ್ಲ. ಅದು ವೈಸ್‌ನಲ್ಲೇ ಇದೆ, ಅಲ್ಲೇ ಇರುತ್ತದೆ. ನೋಡಬೇಕಾದರೆ ನೀವೇ ಬನ್ನಿ.

ಇಂತಿ,
ನಿಮ್ಮ ದಾಖಲೆಯಲ್ಲಿ ಕೈ ನಡುಗುವ ಗ್ರಾಹಕಿ